ಬೆಂದು, ಅರಳಿ, ಮತ್ತೆ ಕಲ್ಲಾಗುವ ಸುಣ್ಣ

ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ನೀರು ಇಳಿದ ಹೊತ್ತಿಗೆ, ಕೆಸರಿಗಿಳಿದು ಬಳಚು ಹೆಕ್ಕುವವರು ಕಾಣುತ್ತಾರೆ. ಒಳಗಿನ ಮಾಂಸ ಅಡುಗೆಗೆ ಹೋಗುತ್ತದೆ, ಚಿಪ್ಪು ಉಳಿಯುತ್ತದೆ. ತುಳುನಾಡಿನಲ್ಲಿ ಇದೇ ಜಾತಿಯ ಜೀವಿಗೆ ಮರುವಾಯಿ ಎನ್ನುತ್ತಾರೆ. ನದಿಯ ತಳದಲ್ಲಿ ಸತ್ತ ಚಿಪ್ಪುಗಳು ಪದರಪದರವಾಗಿ ಕೂತಿರುತ್ತವೆ. ಕರಾವಳಿಯ ಸುಣ್ಣದ ಗಣಿ ಎಂದರೆ ಇದೇ. ಘಟ್ಟ ಹತ್ತಿ ಬಯಲಿಗೆ ಬಂದರೆ ಎರೆಹೊಲದಲ್ಲಿ ನೇಗಿಲಿಗೆ ತಾಗುವ ಸುಣ್ಣದ ಹರಳುಗಳಿವೆ. ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ನೆಲವೇ ಹಾಸುಹಾಸು ಸುಣ್ಣದಕಲ್ಲು. ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಕೂಡ ಅದೇ. ಬಚ್ಚಲು ತೊಳೆಯುವ ಆಸಿಡ್ ಅದರ ಮೇಲೆ ಬಿದ್ದರೆ ನೊರೆಯೆದ್ದು ಕಲ್ಲಿನ ಹೊಳಪು ಹೋಗುವುದು ಈ ಕಾರಣಕ್ಕೆ.

ಚಿಪ್ಪು, ಹರಳು, ಕಲ್ಲು ಮೂರೂ ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿಮೊಟ್ಟೆಯ ಸಿಪ್ಪೆಯೂ ಅದೇ, ಅಮೃತಶಿಲೆಯೂ ಅದೇ. ಇಷ್ಟು ಸಾಮಾನ್ಯ ವಸ್ತುವನ್ನು ಮನುಷ್ಯ ಬೆಂಕಿಗೆ ಹಾಕಿ, ನೀರಿಗೆ ಹಾಕಿ, ಕೊನೆಗೆ ಗಾಳಿಗೆ ಒಪ್ಪಿಸಿ ಗೋಡೆ, ಗೋಪುರ, ಅಣೆಕಟ್ಟು ಎಬ್ಬಿಸಿದ. ಆ ಕೆಲಸದ ಒಳಗುಟ್ಟೆಲ್ಲ ಕಾಯುವುದರಲ್ಲಿದೆ. ಸುಣ್ಣದ ಕಸುಬಿನಷ್ಟು ಕಾಲವನ್ನು ನಂಬಿದ ಕಸುಬು ಇನ್ನೊಂದಿರಲಾರದು ಎಂದೇ ನನಗೆ ಅನ್ನಿಸುತ್ತದೆ.

ಮೊದಲು ಸುಡುವ ಕೆಲಸ. ಚಿಪ್ಪಿನ ಗೂಡು ದೊಡ್ಡದೇನಲ್ಲ. ಎದೆಮಟ್ಟದ ದುಂಡು ಗೋಡೆ, ಬುಡದಲ್ಲಿ ಗಾಳಿ ಆಡಲು ಕಂಡಿ. ಒಳಗೆ ಒಂದು ಪದರ ಇದ್ದಿಲು, ಅದರ ಮೇಲೊಂದು ಪದರ ಚಿಪ್ಪು, ಮತ್ತೆ ಇದ್ದಿಲು, ಮತ್ತೆ ಚಿಪ್ಪು. ಕೆಳಗಿನಿಂದ ಬೆಂಕಿ ಕೊಟ್ಟು ಗಾಳಿ ಹಾಕುತ್ತಾರೆ. ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಚಿಪ್ಪಿನೊಳಗೆ ಬಂದಿಯಾಗಿದ್ದ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗುತ್ತದೆ. ಉಳಿಯುವುದು ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟಸುಣ್ಣ. 100 ಕಿಲೋ ಶುದ್ಧ ಸುಣ್ಣದಕಲ್ಲು ಪೂರ್ತಿ ಬೆಂದರೆ 56 ಕಿಲೋ ಮಾತ್ರ ಉಳಿಯುತ್ತದೆ, 44 ಕಿಲೋ ಗಾಳಿಯಲ್ಲಿ ಹೋಗುತ್ತದೆ. ಗೂಡಿನ ಕೆಲಸದವರು ಇದನ್ನು ಲೆಕ್ಕ ಹಾಕಿ ತಿಳಿಯುವುದಿಲ್ಲ, ಕೈಯಲ್ಲಿ ಎತ್ತಿ ತಿಳಿಯುತ್ತಾರೆ. ಕಲ್ಲು ಆಕಾರ ಕಳೆದುಕೊಳ್ಳದೆ ಹಗುರಾಗಿದ್ದರೆ ಬೆಂದಿದೆ. ಇನ್ನೂ ಭಾರ ಇದ್ದರೆ ನಡುವೆ ಹಸಿಯಾಗಿದೆ.

ಬೇಯುವುದು ಕಡಿಮೆಯಾದರೆ ಕಲ್ಲಿನ ತಿರುಳು ಕಲ್ಲಾಗಿಯೇ ಉಳಿದು ದಂಡವಾಗುತ್ತದೆ. ಹೆಚ್ಚಾದರೆ ಕೇಡು ಇನ್ನೂ ದೊಡ್ಡದು. ಅತಿ ಬೆಂದ ಸುಣ್ಣದ ಮೈ ಬಿಗಿದುಕೊಂಡು, ನೀರು ಹಾಕಿದಾಗ ಆ ಕ್ಷಣಕ್ಕೆ ಅರಳದೆ ಸುಮ್ಮನೆ ಕೂತಿರುತ್ತದೆ. ಆಮೇಲೆ ಗೋಡೆಯಲ್ಲಿದ್ದಾಗ, ತಿಂಗಳುಗಳ ನಂತರ, ತೇವ ಕುಡಿದು ಉಬ್ಬಿ ಗಾರೆಯನ್ನು ಒಳಗಿನಿಂದ ಒಡೆದು ಹೊರಬರುತ್ತದೆ. ಹೊಸ ಗೋಡೆಯ ಮೇಲೆ ಅಲ್ಲಲ್ಲಿ ಸಣ್ಣ ಗುಳಿ, ಗುಳಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಗೂಡಿನ ಬೆಂಕಿ ಹದ ತಪ್ಪಿತ್ತು, ಅಥವಾ ಸುಣ್ಣ ನೆನೆಸಿದವರು ಅವಸರ ಮಾಡಿದರು ಎಂದರ್ಥ.

ಎರಡನೆಯದು ಅರಳಿಸುವುದು. ಸುಟ್ಟಸುಣ್ಣಕ್ಕೆ ನೀರು ತಾಗಿದೊಡನೆ ಸೊಂಯ್ ಎಂದು ಹಬೆ ಏಳುತ್ತದೆ, ಗಟ್ಟಿ ಹೆಂಟೆ ಬಿರಿದು ಹಿಟ್ಟಾಗುತ್ತದೆ, ನೀರು ಕುದಿಯುವಷ್ಟು ಬಿಸಿ ಹುಟ್ಟುತ್ತದೆ. ಬೆಂಕಿಯಲ್ಲಿ ನುಂಗಿದ ಶಾಖದ ಒಂದು ಪಾಲನ್ನು ಸುಣ್ಣ ಈಗ ಹಿಂತಿರುಗಿಸುತ್ತಿದೆ. 56 ಕಿಲೋ ಸುಟ್ಟಸುಣ್ಣ 18 ಕಿಲೋ ನೀರನ್ನು ತನ್ನೊಳಗೆ ಎಳೆದುಕೊಂಡು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಆ ನೀರು ಆರಿಹೋಗುವ ನೀರಲ್ಲ, ವಸ್ತುವಿನ ಭಾಗವೇ ಆದ ನೀರು. ಪುಡಿಯಾಗುವಷ್ಟೇ ನೀರು ಕೊಟ್ಟರೆ ಒಣಪುಡಿ, ಧಾರಾಳವಾಗಿ ಕೊಟ್ಟರೆ ಬೆಣ್ಣೆಯಂಥ ಮುದ್ದೆ.

ಕಟ್ಟಡಕ್ಕೆ ಬೇಕಾದದ್ದು ಈ ಮುದ್ದೆ. ಗುಂಡಿಯಲ್ಲಿ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಬಿಡಬೇಕು. ನೀರಿನ ಹೊದಿಕೆ ಇದ್ದಷ್ಟು ದಿನ ಗಾಳಿ ಒಳಗೆ ಹೋಗದು, ಸುಣ್ಣ ಗಟ್ಟಿಯಾಗದು. ದಿನ ಕಳೆದಂತೆ ಹಟ ಹಿಡಿದ ಕಣಗಳೂ ಅರಳುತ್ತವೆ, ಹರಳುಗಳು ಸಣ್ಣದಾಗಿ ತೆಳುವಾಗುತ್ತವೆ, ಮುದ್ದೆ ಜಿಗುಟಾಗುತ್ತದೆ. ಮೂರು ವರ್ಷ ಹಳತಾಗದ ಸುಣ್ಣವನ್ನು ಕಟ್ಟಡಕ್ಕೆ ಬಳಸಬಾರದೆಂಬ ಕಟ್ಟಳೆ ಹಳೆಯ ರೋಮಿನಲ್ಲಿ ಇತ್ತೆಂದು ಅಲ್ಲಿನ ಲೇಖಕ ಪ್ಲಿನಿ ಬರೆದಿದ್ದಾನೆ. ನಮ್ಮ ಕಡೆ ಅಷ್ಟು ಕಟ್ಟುನಿಟ್ಟಿರಲಿಲ್ಲವಾದರೂ ವಾರಗಟ್ಟಲೆ ನೆನೆಸದ ಸುಣ್ಣವನ್ನು ಒಳ್ಳೆಯ ಗಾರೆ ಕೆಲಸದವರು ಮುಟ್ಟುತ್ತಿರಲಿಲ್ಲ.

ಮೂರನೆಯದು ಗಾಳಿಯ ಕೆಲಸ. ಗೋಡೆಗೆ ಮೆತ್ತಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಒಳಗೆಳೆದುಕೊಂಡು, ನೀರನ್ನು ಹೊರಬಿಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ಕೂತು ಮರಳಿ ಪಡೆಯುತ್ತದೆ. ಚಿಪ್ಪು ಮತ್ತೆ ಚಿಪ್ಪಿನ ವಸ್ತುವೇ ಆಯಿತು, ಆದರೆ ಈ ಸಲ ನಾವು ಬಯಸಿದ ಆಕಾರದಲ್ಲಿ. ಸುಣ್ಣದಕಲ್ಲಿನಿಂದ ಹೊರಬರುವುದು ಒಂದು ಬಗೆಯ ಗಾಳಿ ಎಂದು ತೂಕ ಹಾಕಿ ತೋರಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, 1756ರಲ್ಲಿ. ಅದಕ್ಕೆ ಎಷ್ಟೋ ಶತಮಾನಗಳ ಮೊದಲೇ ಕಸುಬಿನವರ ಕೈ ಈ ಮೂರು ಹೆಜ್ಜೆಗಳನ್ನೂ ಸರಿಯಾಗಿ ಇಡುತ್ತಿತ್ತು. ಹಂಪಿಯ ಗೋಪುರಗಳ ಬುಡ ಕಲ್ಲಿನದು, ಮೇಲಿನ ನೆಲೆಗಳು ಇಟ್ಟಿಗೆ ಮತ್ತು ಸುಣ್ಣದವು, ಅವುಗಳ ಮೈಮೇಲಿನ ವಿಗ್ರಹಗಳು ಗಾರೆಯವು. ವಿಜಯಪುರದ ಗೋಳಗುಮ್ಮಟದ ಸುಮಾರು 44 ಮೀಟರ್ ಅಗಲದ ಗುಮ್ಮಟ ನಡುವೆ ಒಂದು ಕಂಬವೂ ಇಲ್ಲದೆ ನಿಂತಿದೆ. ಇಟ್ಟಿಗೆಯ ಸಾಲುಗಳ ನಡುವೆ ದಪ್ಪನಾಗಿ ಹಾಕಿದ ಸುಣ್ಣದ ಗಾರೆ ಹದಿನೇಳನೇ ಶತಮಾನದಿಂದ ಅದನ್ನು ಹಿಡಿದುಕೊಂಡಿದೆ.

ಗಾರೆ ಎಂದರೆ ಬರೀ ಸುಣ್ಣವಲ್ಲ. ಬರೀ ಸುಣ್ಣ ಆರುವಾಗ ಕುಗ್ಗಿ ಬಿರುಕು ಬಿಡುತ್ತದೆ, ಆದ್ದರಿಂದ ಮರಳು ಬೇಕು. ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು. ಮರಳಿನ ಕಣಗಳ ನಡುವಿನ ಸಂದನ್ನೆಲ್ಲ ಸುಣ್ಣ ತುಂಬಬೇಕು, ಅದಕ್ಕಿಂತ ಹೆಚ್ಚಿರಬಾರದು. ಇದನ್ನು ಅರೆಯಲು ಕಲ್ಲಿನ ಗಾಣವೇ ಇತ್ತು. ದುಂಡನೆಯ ಕಾಲುವೆಯಲ್ಲಿ ಸುಣ್ಣ, ಮರಳು ಸುರಿದು, ಎತ್ತು ಕಟ್ಟಿ, ಕಲ್ಲಿನ ಗಾಲಿಯನ್ನು ಅದರ ಮೇಲೆ ಸುತ್ತಿಸುತ್ತಿದ್ದರು. ಅರೆದಷ್ಟೂ ಗಾರೆ ನುಣ್ಣಗಾಗುತ್ತದೆ, ನೀರು ಹೆಚ್ಚು ಬೇಡದೆಯೇ ಕರಣೆಗೆ ಒಗ್ಗುತ್ತದೆ. ನೀರು ಕಡಿಮೆ ಹಿಡಿದ ಗಾರೆ ಕಡಿಮೆ ಕುಗ್ಗುತ್ತದೆ, ಬಿರುಕೂ ಕಡಿಮೆ. ಆ ಎತ್ತಿನ ಸುತ್ತಾಟದ ಹಿಂದೆ ಇದ್ದ ಲೆಕ್ಕ ಇದು.

ಅಳಲೆಕಾಯಿ ಜಜ್ಜಿ ಬೆಲ್ಲದೊಂದಿಗೆ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ, ಆ ಕಂದು ನೀರನ್ನು ಗಾರೆಗೆ ಬೆರೆಸುತ್ತಿದ್ದರು. ಕೆಲವೆಡೆ ಬಿಲ್ವದ ಕಾಯಿಯ ಲೋಳೆ ಹಾಕುತ್ತಿದ್ದರು. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿ ಸೇರಿಸಿ, ನುಣುಪುಗಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯಿಸಿದ ಗೋಡೆಗಳು ಇಂದಿಗೂ ಇವೆ. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಿದ ಕಾಲವೊಂದಿತ್ತು. ಆದರೆ ಸಕ್ಕರೆಯ ಅಂಶ ಇದ್ದ ನೀರಿನಲ್ಲಿ ಸುಣ್ಣ ಬರಿಯ ನೀರಿಗಿಂತ ಎಷ್ಟೋ ಹೆಚ್ಚು ಕರಗುತ್ತದೆ. ಕರಗಿದ್ದು ಮರಳಿನ ಸಂದುಸಂದಿಗೂ ಇಳಿದು ಅಲ್ಲಿ ಗಟ್ಟಿಯಾಗುತ್ತದೆ. ಅಳಲೆಯ ಒಗರು ಸುಣ್ಣದೊಂದಿಗೆ ಸೇರಿ ಬಿಗಿಯಾದ ಬಂಧ ಕಟ್ಟುತ್ತದೆ. ಮೊಟ್ಟೆಯ ಪ್ರೋಟೀನು ಮೈಯನ್ನು ನುಣುಪಾಗಿಸಿ ನೀರನ್ನು ತಡೆಯುತ್ತದೆ. ಅಳತೆ ತಪ್ಪಿದರೆ ಇವೇ ಕೆಡಿಸುತ್ತವೆ: ಬೆಲ್ಲ ಹೆಚ್ಚಾದರೆ ಗಾರೆ ಬೇಗ ಸೆಟ್ಟಾಗುವುದೇ ಇಲ್ಲ. ಆ ಅಳತೆ ಬರೆದಿಟ್ಟ ಪುಸ್ತಕಕ್ಕಿಂತ ಹೆಚ್ಚಾಗಿ ಅಪ್ಪನಿಂದ ಮಗನ ಕೈಗೆ ಬಂದದ್ದು.

ಮೆತ್ತಿದ ಮೇಲೂ ಕೆಲಸ ಮುಗಿಯದು. ಸುಣ್ಣ ಗಟ್ಟಿಯಾಗುವುದಕ್ಕೂ ಒಣಗುವುದಕ್ಕೂ ವ್ಯತ್ಯಾಸ ಇದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮೊದಲು ಗೋಡೆಯ ತೇವದಲ್ಲಿ ಕರಗಬೇಕು, ಆಮೇಲೆ ಸುಣ್ಣದೊಂದಿಗೆ ಕೂಡಬೇಕು. ಬಿಸಿಲಿಗೆ ಬೇಗ ಒಣಗಿದ ಗಾರೆ ಗಟ್ಟಿಯಾಗದೆ ಪುಡಿಯಾಗಿ ಉದುರುತ್ತದೆ. ನೀರು ನಿಂತ ಗಾರೆಗೆ ಗಾಳಿ ತಲುಪದು. ಎರಡರ ನಡುವಿನ ಹದಕ್ಕಾಗಿ ಗೋಣಿಚೀಲ ಇಳಿಬಿಟ್ಟು, ದಿನಕ್ಕೆರಡು ಸಲ ನೀರು ಚಿಮುಕಿಸಿ, ಗೋಡೆಯನ್ನು ವಾರಗಟ್ಟಲೆ ಕಾಯುತ್ತಾರೆ. ಹೊರಮೈ ಮೊದಲು ಕಲ್ಲಾಗುತ್ತದೆ, ಆಮೇಲೆ ಒಳಕ್ಕೆ, ತಿಂಗಳಿಗೆ ಕೆಲವೇ ಮಿಲಿಮೀಟರ್. ದಪ್ಪ ಗೋಡೆಯ ನಡುವೆ ವರ್ಷಗಳ ನಂತರವೂ ಅರಳಿದ ಸುಣ್ಣ ಹಾಗೇ ಇರುವುದುಂಟು. ಅದು ನಷ್ಟವಲ್ಲ. ಗೋಡೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಮಳೆನೀರು ಇಳಿದಾಗ ಆ ಸುಣ್ಣವೇ ಒಂದಿಷ್ಟು ಕರಗಿ, ಬಿರುಕಿಗೆ ಬಂದು, ಗಾಳಿ ತಾಗಿ ಕಲ್ಲಾಗಿ ಬಿರುಕನ್ನು ತುಂಬುತ್ತದೆ.

ಹಳೆಯ ಮನೆ ಇರುವವರು ಇದನ್ನು ತಿಳಿಯಲೇಬೇಕು. ಸುಣ್ಣದ ಗಾರೆಯ ಮೈಯಲ್ಲಿ ಸಣ್ಣ ರಂಧ್ರಗಳಿವೆ. ನೆಲದಿಂದ ಏರಿದ ತೇವ ಅವುಗಳ ಮೂಲಕ ಹೊರಗೆ ಆರಿಹೋಗುತ್ತದೆ. ಅಂಥ ಗೋಡೆಗೆ ಭದ್ರವಾಗಲಿ ಎಂದು ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ತೇವದೊಂದಿಗೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಮೆತ್ತನೆಯ ಹಳೆ ಇಟ್ಟಿಗೆಯನ್ನೇ ತಿನ್ನುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟಿನ ಹಲಗೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ನೂರು ವರ್ಷ ನಿಂತ ಗೋಡೆ ರಿಪೇರಿಯಿಂದಲೇ ಹಾಳಾಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಸುಣ್ಣದ ಗೋಡೆಗೆ ಸುಣ್ಣದ್ದೇ ತೇಪೆ ಆಗಬೇಕು. ಗಾರೆ ಬಲ್ಲ ಕೈಗಳು ಅಪರೂಪವಾಗಿರಬಹುದು, ಆದರೆ ಹುಡುಕಿದರೆ ಸಿಗುತ್ತವೆ, ಹುಡುಕುವ ಶ್ರಮಕ್ಕೆ ತಕ್ಕ ಫಲವೂ ಇದೆ.

ಸಿಮೆಂಟು ಬೇರೆ ಕುಲದ್ದೇನೂ ಅಲ್ಲ. ಸುಣ್ಣದಕಲ್ಲನ್ನು ಜೇಡಿಯೊಂದಿಗೆ ಇನ್ನೂ ಜೋರು ಬೆಂಕಿಯಲ್ಲಿ ಸುಟ್ಟದ್ದು. ಗಾಳಿಗೆ ಕಾಯದೆ ನೀರಿನಿಂದಲೇ ಗಟ್ಟಿಯಾಗುವುದು ಅದರ ಗುಣ. ಆದರೆ ಆ ಗುಣವನ್ನು ಸುಣ್ಣಕ್ಕೂ ತಂದುಕೊಡುವ ದಾರಿ ಹಳೆಯ ಕಾಲದವರಿಗೆ ಗೊತ್ತಿತ್ತು. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ನುಣ್ಣಗೆ ಪುಡಿಮಾಡಿ ಸುಣ್ಣಕ್ಕೆ ಬೆರೆಸಿದರೆ, ಇಟ್ಟಿಗೆಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣವನ್ನು ಹಿಡಿದು, ಗಾಳಿಯ ಹಂಗಿಲ್ಲದೆ, ನೀರಿನೊಳಗೇ ಕಲ್ಲಾಗುತ್ತವೆ. ಇದೇ ಸುರ್ಕಿ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಅಷ್ಟು ದಪ್ಪದ ಕಟ್ಟೆಯ ಹೊಟ್ಟೆಯೊಳಕ್ಕೆ ಗಾಳಿ ಹೋಗುವುದೆಲ್ಲಿಂದ? ಬರೀ ಸುಣ್ಣ, ಮರಳು ಹಾಕಿದ್ದರೆ ಒಳಗೆ ಇಂದಿಗೂ ಮೆತ್ತಗೇ ಇರುತ್ತಿತ್ತು. ಮಂಡ್ಯದ ಗದ್ದೆಗಳಿಗೆ ನೀರು ಹರಿಯುವುದರಲ್ಲಿ ಇಟ್ಟಿಗೆಪುಡಿಯ ಪಾಲೂ ಇದೆ.

ಇನ್ನು ಸುಣ್ಣ ಬಳಿಯುವುದು. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುತ್ತಿದ್ದವರಿಗೆ ಗೊತ್ತು, ಬಳಿದಾಗ ಗೋಡೆ ಬೆಳ್ಳಗಾಗುವುದಿಲ್ಲ. ಹಸಿಯಾಗಿದ್ದಾಗ ಕೆಳಗಿನ ಗೋಡೆ ಕಾಣುತ್ತಲೇ ಇರುತ್ತದೆ, ಆರುತ್ತ ಆರುತ್ತ ಬಿಳುಪು ಏಳುತ್ತದೆ. ಇದನ್ನರಿಯದವರು ಸಾಲದೆಂದು ದಪ್ಪ ಬಳಿದುಬಿಡುತ್ತಾರೆ, ಅದು ಕೈಗೆ ಹತ್ತುತ್ತದೆ, ಹಕ್ಕಳೆಯಾಗಿ ಏಳುತ್ತದೆ. ಹಾಲಿನಷ್ಟೇ ತೆಳ್ಳಗೆ ಕದಡಿ, ಬಟ್ಟೆಯಲ್ಲಿ ಸೋಸಿ, ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ಕತ್ತಾಳೆ ನಾರಿನ ಕುಂಚದಿಂದ ಒಂದು ಸಲ ಅಡ್ಡ, ಆರಿದ ಮೇಲೆ ಒಂದು ಸಲ ಉದ್ದ ಎಳೆಯಬೇಕು. ಗೋಡೆಗೆ ಹಿಡಿಯಲು ಅಂಟು, ಹಳದಿ ಛಾಯೆ ಅಳಿಯಲು ಚೂರು ನೀಲಿ. ಅರಳಿದ ಸುಣ್ಣ ತೀವ್ರ ಕ್ಷಾರ, ಅದರ ತಿಳಿಯ ಪಿಎಚ್ 12 ದಾಟುತ್ತದೆ. ಹೊಸದಾಗಿ ಬಳಿದ ಗೋಡೆಯಲ್ಲಿ ಬೂಷ್ಟು ಬೆಳೆಯದು. ದನದ ಕೊಟ್ಟಿಗೆಗೆ, ಕೋಳಿಗೂಡಿಗೆ ಸುಣ್ಣ ಬಳಿಯುವ ರೂಢಿ ಬಂದದ್ದು ಇದರಿಂದ.

ಅಡುಗೆಮನೆ, ದೇವರಮನೆಗಳಲ್ಲೂ ಸುಣ್ಣದ ಓಡಾಟ ಇದೆ. ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಅದು ಕೆಂಪಾಗುತ್ತದೆ, ಅದೇ ಆರತಿಯ ಓಕುಳಿ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ತಾಗಿದಾಗ ಬಣ್ಣ ಬದಲಿಸುತ್ತದೆ. ಅದಕ್ಕೆ ನಿಂಬೆರಸ ಹಿಂಡಿ ನೋಡಿ, ಮತ್ತೆ ಹಳದಿ. ಮಕ್ಕಳಿಗೆ ಆಮ್ಲ, ಕ್ಷಾರ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಬೂದುಗುಂಬಳದ ಹೋಳನ್ನು ಪೇಠಾ ಮಾಡುವ ಮೊದಲು ಸುಣ್ಣದ ತಿಳಿಯಲ್ಲಿ ನೆನೆಸುತ್ತಾರೆ. ಕ್ಯಾಲ್ಸಿಯಂ ಹೋಳಿನ ಪೆಕ್ಟಿನ್ನಿಗೆ ಅಂಟಿ ಅದನ್ನು ಗರಿಯಾಗಿಸುತ್ತದೆ, ಪಾಕದಲ್ಲಿ ಕುದ್ದರೂ ಕರಗಿಹೋಗದು. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಒಂದಿಷ್ಟು ಸುಣ್ಣ ಬಿದ್ದರೆ ಹುಳಿ ಮುರಿದು ಕಸರು ಹೆಪ್ಪುಗಟ್ಟಿ ಮೇಲೆ ಬರುತ್ತದೆ, ಜಾಲರಿ ಸೌಟಿನಲ್ಲಿ ತೆಗೆಯುತ್ತಾರೆ. ಕೈ ಸ್ವಲ್ಪ ಮುಂದಾದರೂ ಬೆಲ್ಲ ಕಪ್ಪಾಗುತ್ತದೆ.

ಎಲೆ ಅಡಿಕೆಯ ಮಾತು ಬಿಡುವಂತಿಲ್ಲ. ಅಡಿಕೆಯ ಒಗರು ಮತ್ತು ಕಾಚು ಸುಣ್ಣದ ಕ್ಷಾರದಲ್ಲಿ ಕೆಂಪೇರುತ್ತವೆ, ಅಡಿಕೆಯ ಸತ್ವ ಬೇಗ ಬಿಡುಗಡೆಯಾಗುತ್ತದೆ. ನಮ್ಮ ಅತಿಥಿಸತ್ಕಾರದಲ್ಲಿ ತಾಂಬೂಲಕ್ಕೆ ಇರುವ ಸ್ಥಾನ ನನಗೆ ಪ್ರಿಯವಾದದ್ದೇ. ಆದರೂ ಹೇಳಬೇಕು: ತಂಬಾಕು ಇಲ್ಲದ ಎಲೆ ಅಡಿಕೆಯ ಜಗಿತವೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ದಾಖಲಿಸಿದೆ. ಇನ್ನೊಂದು ಎಚ್ಚರ ಮಕ್ಕಳದು. ಅಂಗಡಿಯ ಸುಣ್ಣದ ಪುಟ್ಟ ಪೊಟ್ಟಣ, ಟ್ಯೂಬುಗಳನ್ನು ಹಿಸುಕಿ ಆಡುವಾಗ ಅದು ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದರೆ ಉಜ್ಜಬಾರದು, ರೆಪ್ಪೆ ಬಿಡಿಸಿ, ಕಣ್ಣೊಳಗೆ ಸುಣ್ಣದ ಚೂರು ಉಳಿಯದಂತೆ, ಆ ಕ್ಷಣದಿಂದಲೇ ಧಾರೆಯಾಗಿ ನೀರು ಬಿಡುತ್ತ ಆಸ್ಪತ್ರೆಗೆ ಓಡಬೇಕು.

ಸುಣ್ಣ ಮಲೆನಾಡಿಗೆ ಕೊಟ್ಟದ್ದು ಮಾತ್ರ ಬೇರೆಯೇ ತೂಕದ್ದು. ಜೋರು ಮಳೆಗೆ ಮಣ್ಣಿನ ಸುಣ್ಣ ಕೊಚ್ಚಿಹೋಗಿ ತೋಟದ ಮಣ್ಣು ಹುಳಿಯಾಗುತ್ತದೆ, ಕಾಫಿ ತೋಟದವರು ಅದಕ್ಕೆ ಸುಣ್ಣ ಹಾಕುತ್ತಾರೆ. ಅದಕ್ಕಿಂತ ದೊಡ್ಡ ಸಂಗತಿ ಅಡಿಕೆಯ ಕೊಳೆರೋಗದ್ದು. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಉದುರಿ ಇಡೀ ವರ್ಷದ ಫಸಲು ಹೋಗುತ್ತಿದ್ದ ಕಾಲದಲ್ಲಿ, ಒಂದೊಂದು ಮರ ಹತ್ತಿ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದೊಂದೇ ರೈತರಿಗೆ ಗೊತ್ತಿದ್ದ ಉಪಾಯ. ಅತ್ತ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಯಾರೂ ಕದಿಯದಿರಲೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಔಷಧವಾಗಿ ಜಗತ್ತಿಗೆ ತಿಳಿಸಿದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದು, ಈ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಯುವುದನ್ನು ಬಳಕೆಗೆ ತಂದರು. ಮಳೆ ಹಿಡಿಯುವ ಮುಂಚೆ ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ ಹೊಡೆಯುವ ಕ್ರಮ ಇಂದಿಗೂ ತೋಟಗಳಲ್ಲಿ ನಡೆದಿದೆ.

ಅದರ ತಯಾರಿ ಒಂದು ಸಣ್ಣ ಕಸುಬೇ. 50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ 1 ಕಿಲೋ ಸುಣ್ಣ, ಎರಡೂ ಬೇರೆಬೇರೆ ಡ್ರಮ್ಮಿನಲ್ಲಿ. ಕಬ್ಬಿಣದ ಪಾತ್ರೆ ಕೂಡದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕೋಲಿನಲ್ಲಿ ತಿರುವುತ್ತಾರೆ, ಆಕಾಶನೀಲಿಯ ದ್ರಾವಣ ಏಳುತ್ತದೆ. ಹದ ನೋಡಲು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ. ಕೆಂಪು ಕೂರದವರೆಗೆ ಸುಣ್ಣದ ನೀರು ಸೇರಿಸಬೇಕು. ಗಾರೆಯವರಿಗೆ ಸುಣ್ಣ ಹಳತಾದಷ್ಟೂ ಒಳ್ಳೆಯದು, ಆದರೆ ಅಡಿಕೆಯವರಿಗೆ ಬೇಕಾದದ್ದು ಆಗಷ್ಟೇ ಗೂಡಿನಿಂದ ಬಂದ ಹೊಸ ಚಿಪ್ಪುಸುಣ್ಣ. ಬಾಯಿ ಬಿಚ್ಚಿದ ಚೀಲದಲ್ಲಿ ಹೋದ ವರ್ಷದಿಂದ ಉಳಿದ ಸುಣ್ಣ ಗಾಳಿ ಕುಡಿದು ಅರ್ಧ ಕಲ್ಲಾಗಿರುತ್ತದೆ, ಅದನ್ನು ಸುರಿದರೆ ಕತ್ತಿಯ ಮೇಲಿನ ಕೆಂಪು ಬೇಗ ಹೋಗುವುದಿಲ್ಲ. ಅದಕ್ಕೇ ಮಲೆನಾಡಿನವರು ಮಿರ್ಗದ (ಮೃಗಶಿರಾ) ಮಳೆಗೆ ಮುಂಚೆ ಹೊಸ ಸುಣ್ಣ ತರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟು, ಹೊಡೆಯುವ ದಿನ ಬೆಳಿಗ್ಗೆಯೇ ನೀರು ಹಾಕಿ ಅರಳಿಸಿಕೊಳ್ಳುತ್ತಾರೆ.